ಬೆಳಗಿನ ಜಾವ ನಾಲ್ಕು ನಲವತ್ತನಾಲ್ಕು

ರ‍್ಯಾಪ್ ಅಂದರೆ ಬಡಾಯಿ. ಬೈದು ಹೇಳ್ತಿಲ್ಲ, ಅದರ ಹುಟ್ಟುಗುಣವೇ ಅದು. ನಿನಗಿಂತ ಚೆನ್ನಾಗಿ ಪದ ಕಟ್ಟುತ್ತೇನೆ, ನನ್ನ ಹತ್ತಿರ ದುಡ್ಡು ಜಾಸ್ತಿ, ನಮ್ಮ ಬೀದಿಗೆ ಬಾ ನೋಡ್ಕೋತೀನಿ. ಅಖಾಡಕ್ಕೆ ಇಳಿದ ಪೈಲ್ವಾನ ತೊಡೆ ತಟ್ಟುತ್ತಾನಲ್ಲ, ಹಾಗೆ. ತೊಡೆ ತಟ್ಟದೇ ಸುಮ್ನೆ ನಿಂತ ಪೈಲ್ವಾನನನ್ನು ಯಾರು ನೋಡುತ್ತಾರೆ?

ಆ ತೊಡೆ ತಟ್ಟುವ ಕೆಲಸದಲ್ಲಿ ಇಪ್ಪತ್ತು ವರ್ಷ ಪಳಗಿದವನು ಅಮೆರಿಕದ ಜೇ-ಜೀ. 2017ರ ಜೂನ್ 30ರಂದು ಅವನ ಹದಿಮೂರನೇ ಆಲ್ಬಂ ಬಂತು. ಹೆಸರು '4:44'. ಆಗ ಅವನಿಗೆ 47 ವರ್ಷ. ಹತ್ತೇ ಹಾಡು, ಒಟ್ಟು 36 ನಿಮಿಷ. ಹೆಂಡತಿಗೆ ಮೋಸ ಮಾಡಿದೆ, ತಪ್ಪಾಯ್ತು ಅಂತ ಲೋಕದ ಮುಂದೆ ಒಪ್ಪಿಕೊಂಡ ಆಲ್ಬಂ ಅಂತಲೇ ಅದು ಸುದ್ದಿಯಾಯಿತು.

ಮೊದಲ ಸಲ ಕೇಳಿದಾಗ ನನಗೆ ಹಿಡಿಸಲಿಲ್ಲ. ಕುಣಿಸುವ ಬೀಟ್ ಇಲ್ಲ, ಕೂಗಾಟ ಇಲ್ಲ. ಊಟಕ್ಕೆ ಅಂತ ಮದುವೆ ಮನೆಗೆ ಹೋದರೆ ಯಾರೋ ಹಿರಿಯರು ಮೈಕ್ ಹಿಡಿದು ಸಂಸಾರದ ಬಗ್ಗೆ ಭಾಷಣ ಶುರು ಮಾಡಿದ ಹಾಗಾಯಿತು. ನಾಲ್ಕನೇ ಹಾಡಿಗೆ ನಿಲ್ಲಿಸಿದೆ. ಐದನೆಯದೇ '4:44' ಅನ್ನುವ ಆ ಹಾಡು ಅಂತ ಆಗ ಗೊತ್ತಿರಲಿಲ್ಲ.

ಮತ್ತೆ ಕೇಳಿದ್ದು ಒಂದೆರಡು ವರ್ಷ ಆದಮೇಲೆ. ಮನೆಯಲ್ಲಿ ಜಗಳ ಆಗಿತ್ತು. ತಪ್ಪು ನನ್ನದೇ, ಅದು ನನಗೂ ಗೊತ್ತಿತ್ತು. ಆದರೆ ನಾನು ಕೇಳಿದ ಕ್ಷಮೆ ಹೇಗಿತ್ತು ಅಂದರೆ, 'ಆಯ್ತು ಬಿಡು, ನಂದೇ ತಪ್ಪು ಅಂದ್ಕೋ.' ಅಂದ್ಕೋ! ಅವಳು ಏನೂ ಹೇಳದೆ ಹೋಗಿ ಮಲಗಿದಳು. ನಾನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪಾತ್ರೆ ತೊಳೆಯಲು ನಿಂತೆ. ಫೋನು ತಾನಾಗಿಯೇ ಒಂದಾದಮೇಲೆ ಒಂದು ಹಾಡು ಹಾಕುತ್ತಿತ್ತು. ಕೈಗೆಲ್ಲ ಸೋಪು ಇದ್ದದ್ದರಿಂದ ಬದಲಾಯಿಸಲು ಆಗಲಿಲ್ಲ. ಹಾಗೆ ಆ ಐದನೇ ಹಾಡು ಪೂರ್ತಿ ಕೇಳಿದೆ.

ಅದರಲ್ಲಿ ಅವನು 'ಅಂದ್ಕೋ' ಅನ್ನುವುದಿಲ್ಲ. ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ. ಸಂಬಂಧದ ಮೊದಲ ದಿನಗಳಲ್ಲಿ ನಿನ್ನನ್ನು ಕಾಯಿಸಿದೆ. ಹೊಟ್ಟೆಯಲ್ಲೇ ಹೋದ ಮಕ್ಕಳ ದುಃಖದ ಹೊತ್ತಲ್ಲಿ ನಾನು ನಾನಾಗಿ ನಿನ್ನ ಜೊತೆ ಇರಲಿಲ್ಲ. ಹೆಣ್ಣಿನ ಕಣ್ಣಿಂದ ನೋಡೋದು ನನಗೆ ಬಂದದ್ದು ಮಗಳು ಹುಟ್ಟಿದ ಮೇಲೆ. ಮುಂದೆ ಮಕ್ಕಳು ದೊಡ್ಡವರಾಗಿ ಇದನ್ನೆಲ್ಲ ಓದಿ ಕೇಳಿದರೆ ಯಾವ ಮುಖ ಇಟ್ಟುಕೊಂಡು ಉತ್ತರ ಕೊಡಲಿ? ಹೆಚ್ಚುಕಡಿಮೆ ಇದೇ ಧಾಟಿ. ಆ ಆಲ್ಬಂ ಬರುವುದಕ್ಕೆ ಕೆಲವೇ ದಿನ ಮೊದಲು ಅವರಿಗೆ ಅವಳಿ ಮಕ್ಕಳು ಹುಟ್ಟಿದ್ದರು.

ಗಮನಿಸಿ, ಇಲ್ಲಿ ಅವನ ಪ್ರಾಸ ಕೂಡ ಅಲ್ಲಲ್ಲಿ ಸಡಿಲ. ನಮ್ಮ ಹಳೆಯ ಕವಿಗಳು ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ ಕಟ್ಟುತ್ತಿದ್ದರು. ರ‍್ಯಾಪರ್‌ಗಳು ಸಾಲಿನ ಕೊನೆಗೂ ಕಟ್ಟುತ್ತಾರೆ, ಹೊಟ್ಟೆಯೊಳಗೂ ಕಟ್ಟುತ್ತಾರೆ. ಜೇ-ಜೀ ಅದರಲ್ಲಿ ಗಟ್ಟಿಗ. ಒಂದು ಮಾತಿಗೆ ಮೂರು ಅರ್ಥ ಬರುವ ಹಾಗೆ ಕಟ್ಟಿ, ನಗುತ್ತಾ ಮುಂದೆ ಹೋಗುವ ಆಸಾಮಿ. ಈ ಹಾಡಿನಲ್ಲಿ ಆ ಕಸರತ್ತು ತೀರಾ ಕಮ್ಮಿ. ನಿದ್ದೆಗಣ್ಣಲ್ಲಿ ಮಾತಾಡಿದ ಹಾಗಿದೆ. ಅದು ನಿಜವೂ ಹೌದು. ಬೆಳಗಿನ ಜಾವ 4:44ಕ್ಕೆ ಎಚ್ಚರವಾಗಿ ಎದ್ದು ಬರೆದ ಹಾಡು ಅಂತ ಅವನೇ ಹೇಳಿಕೊಂಡಿದ್ದಾನೆ. ಆಲ್ಬಂನ ಹೆಸರು ಬಂದದ್ದು ಅಲ್ಲಿಂದ.

ಅವನ ಹಿನ್ನೆಲೆ ಗೊತ್ತಿಲ್ಲದವರಿಗೆ ಒಂದೆರಡು ಮಾತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಸಿ ಹೌಸಸ್ ಅಂತ ಸರ್ಕಾರಿ ವಸತಿ ಇದೆ. ಆರಾರು ಮಹಡಿಯ 27 ಕಟ್ಟಡ. ಅಲ್ಲಿ ಬೆಳೆದ ಹುಡುಗ. 11 ವರ್ಷದವನಿದ್ದಾಗ ಅಪ್ಪ ಮನೆ ಬಿಟ್ಟು ಹೋದ. ಹುಡುಗ ಬೀದಿಯಲ್ಲಿ ಕ್ರ್ಯಾಕ್ ಅನ್ನುವ ಮಾದಕವಸ್ತು ಮಾರಿದ. ಯಾವ ಕಂಪನಿಯೂ ಅವನ ರ‍್ಯಾಪ್ ಮುಟ್ಟದಿದ್ದಾಗ ಇಬ್ಬರು ಗೆಳೆಯರ ಜೊತೆ ಸೇರಿ ತಾನೇ ಕಂಪನಿ ಕಟ್ಟಿದ. 1996ರಲ್ಲಿ ಮೊದಲ ಆಲ್ಬಂ. ಸಾಲುಗಳನ್ನು ಕಾಗದದ ಮೇಲೆ ಬರೆಯದೆ ತಲೆಯಲ್ಲೇ ಕಟ್ಟಿ, ನೇರ ಮೈಕ್ ಮುಂದೆ ನಿಂತು ಹೇಳುತ್ತಾನೆ ಅನ್ನೋದು ಅವನ ಬಗ್ಗೆ ಇರುವ ಹಳೆಯ ಖ್ಯಾತಿ. 2003ರಲ್ಲಿ ನಿವೃತ್ತಿ ಅಂದ, 2006ರಲ್ಲಿ ವಾಪಸ್ ಬಂದ. ಆ ವಾಪಸಾತಿಯ ಆಲ್ಬಂ ತುಂಬಾ ಜನಕ್ಕೆ ಬೋರ್ ಹೊಡೆಸಿತು. ದೊಡ್ಡ ಸಾಹುಕಾರ ತನ್ನ ಸೂಟಿನ ಬಗ್ಗೆ ಹಾಡಿದ ಹಾಗಿತ್ತು ಅದು.

ವಯಸ್ಸಾದ ರ‍್ಯಾಪರ್‌ನ ಕಷ್ಟವೇ ಅದು ನೋಡಿ. ಹಸಿವು ಹೋಗಿರುತ್ತದೆ, ಬಡಾಯಿಯ ಚಟ ಹೋಗಿರುವುದಿಲ್ಲ. ಆಂಡ್ರೆ 3000 ಅನ್ನುವ ಇನ್ನೊಬ್ಬ ದೊಡ್ಡ ರ‍್ಯಾಪರ್ 2023ರಲ್ಲಿ ರ‍್ಯಾಪ್ ಬಿಟ್ಟು ಬರೀ ಕೊಳಲಿನ ಆಲ್ಬಂ ಮಾಡಿದ. ನನಗೀಗ 48, ಯಾವುದರ ಬಗ್ಗೆ ರ‍್ಯಾಪ್ ಮಾಡಲಿ, ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೊಸ್ಕೋಪಿ ಮಾಡಿಸಿಕೊಳ್ಳೋದರ ಬಗ್ಗೆಯಾ ಅಂತ ಕೇಳಿದ. ನಗು ಬಂತು. ಆದರೆ '4:44' ಕೇಳಿದವನಿಗೆ ಆ ಪ್ರಶ್ನೆ ಅಷ್ಟು ಸಲೀಸಲ್ಲ. ಜೇ-ಜೀ ಆರು ವರ್ಷ ಮೊದಲೇ ಮಾಡಿದ್ದು ಒಂಥರಾ ಅದನ್ನೇ. ಒಳಗೆ ಏನು ಕೆಟ್ಟಿದೆ ಅಂತ ನೋಡಿಸಿಕೊಂಡದ್ದು.

ಮೊದಲ ಹಾಡಲ್ಲಿ ತನ್ನನ್ನೇ ಕೊಲ್ಲು ಅನ್ನುತ್ತಾನೆ, ಅಂದರೆ 'ಜೇ-ಜೀ' ಅನ್ನುವ ಆ ಜಂಬದ ವೇಷವನ್ನು. ಹುಡುಗನಾಗಿದ್ದಾಗ ಸ್ವಂತ ಅಣ್ಣನ ಮೇಲೆ ಗುಂಡು ಹಾರಿಸಿದ್ದು, ಹಳೇ ದೋಸ್ತಿ ಮುರಿದದ್ದು, ಎಲ್ಲ ಅಲ್ಲೇ ಲೆಕ್ಕಕ್ಕೆ ಬರುತ್ತದೆ.

ಇದರಲ್ಲಿ ಅವನೊಬ್ಬನದೇ ಧೈರ್ಯ ಇದೆ ಅಂತ ಮಾತ್ರ ನಂಬಬೇಡಿ. ಪ್ರೊಡ್ಯೂಸರ್ ನೋ ಐ.ಡಿ. ಅಂತ, ಶಿಕಾಗೋದವನು. ಇಡೀ ಆಲ್ಬಂನ ಬೀಟ್ ಅವನ ಕೈಕೆಲಸ. ಮನೆಯ ವಿಷಯ ಬಿಟ್ಟು ಊರಿನ ವಿಷಯವೆಲ್ಲ ಮಾತಾಡುತ್ತಿದ್ದ ಜೇ-ಜೀಯನ್ನು ಮೂಲೆಗೆ ತಳ್ಳಲೆಂದೇ '4:44' ಹಾಡಿನ ಬೀಟ್ ಮಾಡಿದೆ ಅಂತ ಅವನೇ ಹೇಳಿದ್ದಾನೆ. ಹೇಗೆ ತಳ್ಳಿದ? ಇಂಗ್ಲೆಂಡಿನ ಸೋಲ್ ಗಾಯಕಿ ಹಾನಾ ವಿಲಿಯಮ್ಸ್ ಹಾಡಿದ ಒಂದು ಹಾಡಿನ ತುಣುಕು ತಗೊಂಡ. ನಿನ್ನನ್ನು ನಡೆಸಿಕೊಳ್ಳಬೇಕಾದ ಹಾಗೆ ನಾನು ಎಂದಿಗೂ ನಡೆಸಿಕೊಳ್ಳಲಾರೆ ಅಂತ ಆಕೆ ಗಂಟಲು ಹರಿಯುವ ಹಾಗೆ ಹಾಡಿದ್ದಾಳೆ. ಆ ತುಣುಕು ತಿರುಗಿ ತಿರುಗಿ ಬರುತ್ತಿರುವಾಗ ಅದರ ಮೇಲೆ ನಿಂತು ಕಾರು, ವಾಚು ಅಂತ ಬಡಾಯಿ ಕೊಚ್ಚಲು ಯಾರಿಗೆ ಸಾಧ್ಯ? ಬೀಟೇ ಬಾಯಿ ಬಿಡಿಸಿತು.

ಹಳೆಯ ಹಾಡಿನಿಂದ ಎರಡೋ ಮೂರೋ ಸೆಕೆಂಡು ಕತ್ತರಿಸಿ, ವೇಗ ಹೆಚ್ಚುಕಡಿಮೆ ಮಾಡಿ, ಸುತ್ತು ಸುತ್ತು ಓಡಿಸೋದಕ್ಕೆ ಸ್ಯಾಂಪಲ್ ಅನ್ನುತ್ತಾರೆ. ರ‍್ಯಾಪ್‌ನ ತವರಾದ ಹಿಪ್ ಹಾಪ್ ಹುಟ್ಟಿದ್ದೇ ಹಾಗೆ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿ.ಜೆ. ಕೂಲ್ ಹರ್ಕ್ ಹಳೆಯ ರೆಕಾರ್ಡುಗಳಲ್ಲಿ ಬರೀ ಡ್ರಮ್ ಇರುವ ಚೂರನ್ನೇ ಎಳೆದೆಳೆದು ಜನರನ್ನು ಕುಣಿಸಿದ. ಇನ್ನೊಬ್ಬರ ದನಿಯ ಮೇಲೆ ಚಪ್ಪರ ಹಾಕಿ ಸಂಸಾರ ಮಾಡುವ ಕಲೆ ಇದು.

ಅವತ್ತು ಪಾತ್ರೆ ಮುಗಿದರೂ ನಲ್ಲಿ ಮುಂದೆ ನಿಂತೇ ಇದ್ದೆ. ಆಗ ಹೊಳೆದದ್ದು ಇದು. ಎಲ್ಲರೂ ಇದನ್ನು ಒಬ್ಬ ಗಂಡಸಿನ ತಪ್ಪೊಪ್ಪಿಗೆ ಅನ್ನುತ್ತಾರೆ. ಆದರೆ ಅವನ ದನಿಯ ಕೆಳಗೆ, ಹಿಂದೆ, ಪಕ್ಕದಲ್ಲಿ ಯಾರಿದ್ದಾರೆ ಅಂತ ಕಿವಿಗೊಟ್ಟು ಕೇಳಿ. ಹೆಂಗಸರು. ಎರಡು ಹಾಡಲ್ಲಿ ಅಮೆರಿಕದ ಹಳೆಯ ಗಾಯಕಿ ನೀನಾ ಸಿಮೋನ್. ಒಂದರಲ್ಲಿ ಹಾನಾ ವಿಲಿಯಮ್ಸ್, ಅದೇ ಹಾಡಲ್ಲಿ ಗಾಯಕಿ ಕಿಮ್ ಬರೆಲ್. ಇನ್ನೊಂದರಲ್ಲಿ ಗಾಸ್ಪೆಲ್, ಅಂದರೆ ಚರ್ಚಿನ ಭಕ್ತಿಗೀತೆ, ಹಾಡುವ ಕ್ಲಾರ್ಕ್ ಸಿಸ್ಟರ್ಸ್, ಅವರ ಜೊತೆ ಜೇ-ಜೀಯ ಹೆಂಡತಿ, ಗಾಯಕಿ ಬಿಯಾನ್ಸೆ. ಮತ್ತೊಂದರಲ್ಲಿ ಜಮೈಕಾದ ಸಿಸ್ಟರ್ ನ್ಯಾನ್ಸಿ. 'ಸ್ಮೈಲ್'ನಲ್ಲಿ ಅವನ ತಾಯಿ. ಕೊನೆಯ ಹಾಡು ಶುರುವಾಗುವುದೇ, ಡ್ಯಾಡಿ, ವಿಲ್ ಅಂದರೆ ಏನು ಅಂತ ಪುಟ್ಟ ಮಗಳು ಕೇಳುವ ಪ್ರಶ್ನೆಯಿಂದ. ಸ್ಟೀವಿ ವಂಡರ್, ಡಾನಿ ಹ್ಯಾಥವೇ ಥರದ ಗಂಡು ದನಿಗಳೂ ಇವೆ, ಇಲ್ಲ ಅನ್ನುವುದಿಲ್ಲ. ಆದರೂ ಹತ್ತರಲ್ಲಿ ಬಹುಪಾಲು ಹಾಡುಗಳ ತಳಪಾಯ ಹೆಣ್ಣುದನಿಯದು. ಅವನು ಮಾತಾಡುತ್ತಾನೆ, ಅವರು ಹೊರುತ್ತಾರೆ.

ನೀನಾ ಸಿಮೋನ್ ಬಗ್ಗೆ ಸ್ವಲ್ಪ ಹೇಳಲೇಬೇಕು. 1966ರಲ್ಲಿ ಆಕೆ ನಾಲ್ಕು ಕಪ್ಪು ಹೆಂಗಸರ ಬಗ್ಗೆ ಒಂದು ಹಾಡು ಮಾಡಿದ್ದಳು. ಒಬ್ಬೊಬ್ಬಳದು ಒಂದೊಂದು ಬಣ್ಣ, ಒಂದೊಂದು ಪಾಡು. ದುಡಿದು ಬೆನ್ನು ಬಲಿತವಳು, ಬಿಳಿಯ ಅಪ್ಪ ಬಲಾತ್ಕಾರ ಮಾಡಿ ಹುಟ್ಟಿದವಳು, ಮೈ ಮಾರುವವಳು, ಸಿಟ್ಟು ನೆತ್ತಿಗೇರಿದವಳು. ಆ ಹಾಡನ್ನು ನೋ ಐ.ಡಿ. ತುಂಡು ತುಂಡು ಮಾಡಿ ಜೇ-ಜೀಗೆ ಕೊಟ್ಟ. ಅದರ ಮೇಲೆ ಜೇ-ಜೀ ಕಟ್ಟಿದ್ದು 'ದ ಸ್ಟೋರಿ ಆಫ್ ಓ.ಜೆ.'. ಶ್ರೀಮಂತನಾಗಲಿ ಬಡವನಾಗಲಿ, ತಿಳಿ ಬಣ್ಣವಾಗಲಿ ಕಡುಗಪ್ಪಾಗಲಿ, ನೋಡುವವರ ಕಣ್ಣಿಗೆ ನೀನು ಅದೇ ಕರಿಯ ಅನ್ನೋದು ಹಾಡಿನ ಹುರುಳು. ನಾನು ಕಪ್ಪು ಜನರವನಲ್ಲ, ನಾನು ಓ.ಜೆ. ಅಂತ ಅಮೆರಿಕನ್ ಫುಟ್ಬಾಲ್ ಆಟಗಾರ ಓ.ಜೆ. ಸಿಂಪ್ಸನ್ ಹೇಳಿದ್ದನೆಂಬ ಮಾತು ಬರುತ್ತದೆ. ಆಮೇಲೆ ಒಂದು ಸಣ್ಣ ಮೌನ. ಆಮೇಲೆ ಜೇ-ಜೀ ಒಂದೇ ಒಂದು 'ಓಕೆ' ಅನ್ನುತ್ತಾನೆ. ಇಡೀ ಆಲ್ಬಂನಲ್ಲಿ ನನಗೆ ಅತಿ ಇಷ್ಟವಾದ ಪದ ಆ ಓಕೆ. ನಮ್ಮ ಕಡೆ ಹಿರಿಯರು, ಎದುರಿನವನು ಏನೋ ದೊಡ್ಡದಾಗಿ ಬಿಟ್ಟಾಗ 'ಹ್ಞೂಂ, ಸರಿಯಪ್ಪ' ಅಂತಾರಲ್ಲ, ಅದೇ ರಾಗ.

ಅದೇ ಹಾಡು ಅಲ್ಲಿಂದ ದುಡ್ಡಿನ ಪಾಠಕ್ಕೆ ತಿರುಗುತ್ತದೆ. ಬ್ರೂಕ್ಲಿನ್‌ನ ಡಂಬೋ ಅನ್ನುವ ಕಡೆ 20 ಲಕ್ಷ ಡಾಲರಿಗೆ ಒಂದು ಕಟ್ಟಡ ಸಿಗುತ್ತಿತ್ತು, ತಗೊಳ್ಳಲಿಲ್ಲ, ಈಗ ಅದರ ಬೆಲೆ 2.5 ಕೋಟಿ ಡಾಲರ್ ಅಂತ ಕೈ ಕೈ ಹಿಸುಕಿಕೊಳ್ಳುತ್ತಾನೆ. 10 ಲಕ್ಷಕ್ಕೆ ತಗೊಂಡ ಚಿತ್ರ 80 ಲಕ್ಷ ಆಯಿತು ಅನ್ನುತ್ತಾನೆ. ಆಸ್ತಿ ಮಾಡಿ, ಮಕ್ಕಳಿಗೆ ಬಿಟ್ಟು ಹೋಗಿ, ಸ್ವಾತಂತ್ರ್ಯ ಅಂದರೆ ಅದೇ. ಇದು ಒಂದು ಕಡೆ ಅರ್ಥವಾಗುತ್ತದೆ. ಮಾರ್ಸಿಯಲ್ಲಿ ಬೆಳೆದ ಹುಡುಗನಿಗೆ ಆಸ್ತಿ ಅನ್ನೋದು ಬರೀ ಆಸ್ತಿ ಅಲ್ಲ. ಇನ್ನೊಂದು ಕಡೆ, 20 ಲಕ್ಷ ಡಾಲರ್ ಕೈಯಲ್ಲಿ ಇಲ್ಲದವನಿಗೆ ಈ ಉಪದೇಶ ಏನು ಮಾಡುತ್ತೆ? ಯೆಹೂದಿಗಳ ಆಸ್ತಿಯ ಬಗ್ಗೆ ಅದರಲ್ಲೊಂದು ಸಾಲಿದೆ, ಹೊಗಳಿಕೆಯ ಹಾಗೆ ಹೇಳಿದ್ದು. ಹೊಗಳಿದರೂ ಅದು ಹಳಸಲು ಪೂರ್ವಗ್ರಹವೇ. ಆಗಲೇ ಅದಕ್ಕೆ ಆಕ್ಷೇಪ ಬಂತು, ಬರಬೇಕಾದದ್ದೇ.

ಒಡೆತನದ ಮಾತು ಬಂದಾಗ ನನಗೆ ನೆನಪಾಗೋದು ಸಿಸ್ಟರ್ ನ್ಯಾನ್ಸಿ. 1982ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ಕಿಂಗ್‌ಸ್ಟನ್‌ನಲ್ಲಿ ಆಕೆ 'ಬ್ಯಾಮ್ ಬ್ಯಾಮ್' ಹಾಡಿದಳು. ರೆಗೆ ಅನ್ನುವ ಜಮೈಕಾದ ಸಂಗೀತದಲ್ಲಿ ಅದರಷ್ಟು ಸ್ಯಾಂಪಲ್ ಆದ ಹಾಡು ಕಮ್ಮಿ. ಆದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಕೆಗೆ ರಾಯಲ್ಟಿ ಅಂತ ಏನೂ ಬರಲಿಲ್ಲ. ಅಮೆರಿಕಕ್ಕೆ ಬಂದು ಬ್ಯಾಂಕಿನಲ್ಲಿ ಲೆಕ್ಕ ಬರೆಯುತ್ತಾ ಬದುಕಿದಳು. ತನ್ನ ದನಿ ಲೋಕವೆಲ್ಲ ಸುತ್ತುತ್ತಿರುವಾಗ ಇನ್ನೊಬ್ಬರ ದುಡ್ಡಿನ ಲೆಕ್ಕ! ಟಿ.ವಿ. ಜಾಹೀರಾತೊಂದರಲ್ಲಿ ತನ್ನ ಹಾಡು ಕೇಳಿದ ಮೇಲೆ ಹಕ್ಕಿಗಾಗಿ ಹೋರಾಡಿ ಒಂದು ಪಾಲು ಪಡೆದಳು. '4:44'ರ 'ಬ್ಯಾಮ್' ಹಾಡಿನ ತಳದಲ್ಲಿ ಇರುವುದು ಆ ದನಿ. ವಿಡಿಯೊದಲ್ಲಿ ಆಕೆಯೂ ಇದ್ದಾಳೆ. ತಮಾಷೆ ಅಂದರೆ, ಇಡೀ ಆಲ್ಬಂನಲ್ಲಿ ಜೇ-ಜೀ ಮತ್ತೆ ಹಳೇ ಬಡಾಯಿಗೆ ಇಳಿಯೋದು ಆ ಒಂದು ಹಾಡಲ್ಲೇ. ಒಡೆತನದ ಪಾಠವನ್ನು ನಿಜವಾಗಿ ಹೇಳಬೇಕಾದವಳು ಕೆಳಗೆ 'ಬ್ಯಾಮ್ ಬ್ಯಾಮ್' ಅನ್ನುತ್ತಿರುತ್ತಾಳೆ.

ಬಿಯಾನ್ಸೆಯ ವಿಷಯವೂ ಹಾಗೆಯೇ. 2016ರ ಏಪ್ರಿಲ್‌ನಲ್ಲಿ ಆಕೆಯ 'ಲೆಮನೇಡ್' ಬಂದಿತ್ತು. ಮೋಸ ಹೋದ ಹೆಂಡತಿಯ ಸಿಟ್ಟು, ಸಂಕಟ, ಆಮೇಲಿನ ರಾಜಿ, ಎಲ್ಲ ಅದರಲ್ಲಿತ್ತು. '4:44' ಅದಕ್ಕೆ ಬಂದ ಜವಾಬು, ಹದಿನಾಲ್ಕು ತಿಂಗಳು ತಡವಾಗಿ. ಈ ಆಲ್ಬಂನಲ್ಲಿ ಆಕೆ 'ಫ್ಯಾಮಿಲಿ ಫ್ಯೂಡ್' ಹಾಡಿಗೆ ಬಂದರೂ ಹೆಚ್ಚೇನೂ ಹೇಳುವುದಿಲ್ಲ. ಹಿಂದಿನಿಂದ ದನಿ ಏರಿಸುತ್ತಾಳೆ, ಇಳಿಸುತ್ತಾಳೆ. ಹೇಳೋದನ್ನೆಲ್ಲ ಆಗಲೇ ಹೇಳಿಯಾಗಿದೆ, ಇನ್ನು ನೀನು ಮಾತಾಡು ಅನ್ನುವ ಹಾಗೆ.

ಅಂದಹಾಗೆ ಈ ಕ್ಷಮಾಪಣೆ ಪುಕ್ಕಟೆ ಏನಲ್ಲ. ಮೊದಲ ವಾರ ಇದನ್ನು ಕೇಳಬೇಕಾದರೆ ಆಗ ಅವನದೇ ಆಗಿದ್ದ ಟೈಡಲ್ ಅನ್ನುವ ಆನ್‌ಲೈನ್ ಸಂಗೀತ ಸೇವೆಗೆ ಚಂದಾದಾರರಾಗಿರಬೇಕಿತ್ತು, ಇಲ್ಲವೇ ಸ್ಪ್ರಿಂಟ್ ಫೋನ್ ಕಂಪನಿಯ ಗಿರಾಕಿ ಆಗಿರಬೇಕಿತ್ತು. ಸ್ಪ್ರಿಂಟ್ ಜೊತೆಗಿನ ಒಪ್ಪಂದದ ಬಲದಿಂದ ಒಂದೇ ವಾರದಲ್ಲಿ, ಹತ್ತು ಲಕ್ಷ ಪ್ರತಿಗೆ ಸಿಗುವ ಪ್ಲಾಟಿನಂ ಪಟ್ಟ. ಗಂಡ ಹೆಂಡತಿ ಜಗಳದಲ್ಲೂ ಲಾಭ! ಮುಂದಿನ ವರ್ಷದ ಗ್ರ್ಯಾಮಿಗೆ ಎಂಟು ನಾಮನಿರ್ದೇಶನ ಬಂತು, ಪ್ರಶಸ್ತಿ ಒಂದೂ ಬರಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು, ಯಾಕೋ. ಕ್ಷಮೆ ಕೇಳಿದ್ದಕ್ಕೆ ಟ್ರೋಫಿ ಕೊಟ್ಟಿದ್ದರೆ ಚೆನ್ನಾಗಿರುತ್ತಿರಲಿಲ್ಲ.

ಇಷ್ಟೆಲ್ಲ ತಕರಾರು ಇದ್ದರೂ ನಾನು ಮತ್ತೆ ಮತ್ತೆ ಹೋಗೋದು ಮೂರನೇ ಹಾಡಿಗೆ, 'ಸ್ಮೈಲ್'ಗೆ. ಅವನ ತಾಯಿ ಗ್ಲೋರಿಯಾ ಕಾರ್ಟರ್ ನಾಲ್ಕು ಮಕ್ಕಳನ್ನು ಹೆತ್ತು ಬೆಳೆಸಿದವರು. ಅವರು ಪ್ರೀತಿಸಿದ್ದು ಹೆಂಗಸರನ್ನು. ಅದನ್ನು ದಶಕಗಳ ಕಾಲ ಬಚ್ಚಿಟ್ಟು ಬದುಕಿದರು. ಒಬ್ಬಳನ್ನು ಪ್ರೀತಿಸುತ್ತಿದ್ದೇನೆ ಅಂತ ತಾಯಿ ಹೇಳಿದ ದಿನ ಖುಷಿಗೆ ಅತ್ತುಬಿಟ್ಟೆ ಅಂತ ಮಗ ಆಮೇಲೆ ಒಂದು ಸಂದರ್ಶನದಲ್ಲಿ ಹೇಳಿದ. ಹಾಡಿನ ಕೊನೆಗೆ ರ‍್ಯಾಪ್ ನಿಂತು ಹೋಗುತ್ತದೆ. ಆ ತಾಯಿ ತಾವೇ ಒಂದು ಪದ್ಯ ಓದುತ್ತಾರೆ. ನೆರಳಲ್ಲಿ ಬದುಕೋದು ಹೇಗಿರುತ್ತೆ ಅಂತ. ದನಿಯಲ್ಲಿ ನಾಟಕ ಇಲ್ಲ. ಮಗನ ಸಂಗೀತಕ್ಕೆ ಹೊಂದಿಕೊಳ್ಳುವ ಆತುರವೂ ಇಲ್ಲ.

ಇದಕ್ಕೂ ಮೊದಲು, 2003ರ ಆಲ್ಬಂನಲ್ಲಿ, ಅವನ ಹುಟ್ಟುಹಬ್ಬದ ತಾರೀಖಿನ ಹೆಸರಿನ ಒಂದು ಹಾಡಿದೆ. ಡಿಸೆಂಬರ್ 4. ಅದರಲ್ಲೂ ಇದೇ ತಾಯಿಯ ದನಿ ಇದೆ. ಅಲ್ಲಿ ಆಕೆ ಹೇಳೋದು ಪೂರ್ತಿ ಮಗನ ಕಥೆ. ಹುಟ್ಟಿದಾಗ 10 ಪೌಂಡ್ 8 ಔನ್ಸ್ ತೂಕ ಇದ್ದ, ನಾಲ್ವರಲ್ಲಿ ಕೊನೆಯವನು, ಹೆರುವಾಗ ನೋವೇ ಕೊಡಲಿಲ್ಲ ಇವನೊಬ್ಬ. ಎರಡು ಹಾಡಿಗೂ ನಡುವೆ ಹದಿನಾಲ್ಕು ವರ್ಷ. ಮೊದಲನೆಯದರಲ್ಲಿ ಆಕೆ ಜೇ-ಜೀಯ ಅಮ್ಮ. ಎರಡನೆಯದರಲ್ಲಿ ಗ್ಲೋರಿಯಾ.

ಅದು ತಲೆಗೆ ಹೊಕ್ಕ ಮೇಲೆ ಒಂದು ಭಾನುವಾರ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಇಷ್ಟು ವರ್ಷ ನನಗೆ ಹೇಳಿದ ಕಥೆಗಳೆಲ್ಲ ನನ್ನವೇ. ನೀನು ರಾತ್ರಿಯೆಲ್ಲ ಅಳ್ತಿದ್ದೆ, ನೀನು ಮಣ್ಣು ತಿಂತಿದ್ದೆ, ನಿನಗೆ ಜ್ವರ ಬಂದಾಗ ಹೀಗಾಯ್ತು. ಅವತ್ತು, 'ಅಮ್ಮ, ನಾನು ಹುಟ್ಟೋಕೆ ಮುಂಚೆ ನೀನು ಏನ್ ಮಾಡ್ತಿದ್ದೆ?' ಅಂತ ಕೇಳಿದೆ.

'ಈಗ್ಯಾಕೋ ಅದೆಲ್ಲ?'

'ಸುಮ್ನೆ.'

ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಟೈಪಿಂಗ್ ಕಲಿತಿದ್ದೆ ಅಂದಳು. ಕ್ಲಾಸಿಗೆ ಇವಳದೇ ಕೈ ಜೋರಂತೆ. ಒಂದು ಕಡೆ ಕೆಲಸಕ್ಕೆ ಬಾ ಅಂತ ಪತ್ರವೂ ಬಂದಿತ್ತಂತೆ. ನಲವತ್ತು ವರ್ಷದಲ್ಲಿ ನನಗೆ ಇದು ಗೊತ್ತೇ ಇರಲಿಲ್ಲ.

'ಹೋಗಲಿಲ್ವಾ ಮತ್ತೆ?'

'ಎಲ್ಲಿ ಹೋಗ್ಲಿ, ನೀನು ಹೊಟ್ಟೆಲಿದ್ದೆ.' ಅಂದು ನಕ್ಕಳು. ಆಮೇಲೆ ದನಿ ತಗ್ಗಿಸಿ, 'ಏಯ್, ಇದನ್ನೆಲ್ಲ ರೆಕಾರ್ಡ್ ಗಿಕಾರ್ಡ್ ಮಾಡ್ಕೊತಿಲ್ಲ ತಾನೇ?' ಅಂದಳು.

'ಇಲ್ಲಮ್ಮ, ಹೇಳು' ಅಂದೆ.